ಉಗಿಬಂಡಿಗೆ ಬಾಗಿಲು ತೆರೆದ ಧರ್ಮಗುರು

1870ರ ಜನವರಿ 10. ಅಮೆರಿಕದ ರಾಕಿ ಪರ್ವತಶ್ರೇಣಿಯ ಮಗ್ಗುಲಿನ ಸಾಲ್ಟ್ ಲೇಕ್ ನಗರದಲ್ಲಿ ಕೊರೆಯುವ ಚಳಿ. ಆದರೂ ಸಾವಿರಾರು ಜನ ಹೊಸ ರೈಲು ಮಾರ್ಗದ ಬಳಿ ನೆರೆದಿದ್ದರು. ಅರವತ್ತೆಂಟು ವರ್ಷದ ಹಿರಿಯರೊಬ್ಬರು ಸುತ್ತಿಗೆ ಎತ್ತಿ, ಹಳಿಗೆ ಕೊನೆಯ ಮೊಳೆಯನ್ನು ಬಡಿದರು. ಎಂಟು ತಿಂಗಳ ಹಿಂದೆ ಅಮೆರಿಕದ ಪೂರ್ವ ಪಶ್ಚಿಮಗಳನ್ನು ಬೆಸೆದ ರೈಲು ಮಾರ್ಗದ ಸಮಾರಂಭದಲ್ಲಿ ಚಿನ್ನದ ಮೊಳೆ ಮೆರೆದಿತ್ತು. ಇಲ್ಲಿಯದು ಸ್ಥಳೀಯ ಕಬ್ಬಿಣದ್ದು. ಅದರ ಮೇಲೆ ಜೇನುಗೂಡಿನ ಚಿತ್ರವನ್ನೂ, ದೇವರ ಪಾವಿತ್ರ್ಯವನ್ನು ಸಾರುವ ಬರಹವನ್ನೂ ಕೆತ್ತಲಾಗಿತ್ತು. ಮೊಳೆ ಬಡಿದವರು ಮಾರ್ಮನ್ ಪಂಥದ ಪರಮಾಧ್ಯಕ್ಷ ಬ್ರಿಗ್ಯಮ್ ಯಂಗ್.

ಹೊರಜಗತ್ತಿನ ಕಾಟ ತಾಳಲಾರದೆ ತಮ್ಮ ಅನುಯಾಯಿಗಳನ್ನು ಮರುಭೂಮಿಗೆ ಕರೆತಂದಿದ್ದವರೇ ಈ ಯಂಗ್. ಇಪ್ಪತ್ತಮೂರು ವರ್ಷಗಳ ನಂತರ ಅದೇ ಹೊರಜಗತ್ತನ್ನು ತಮ್ಮ ನಗರದ ಹೊಸ್ತಿಲಿಗೆ ತಂದು ನಿಲ್ಲಿಸಿದವರೂ ಅವರೇ. ಈ ವೈರುಧ್ಯದಲ್ಲಿಯೇ ಅವರ ಬದುಕಿನ ಸಾರವಿದೆ.

ಬಡಗಿಯಿಂದ ನಾಯಕನವರೆಗೆ

ಯಂಗ್ ಜನಿಸಿದ್ದು 1801ರ ಜೂನ್ 1ರಂದು, ವರ್ಮಾಂಟ್ ಪ್ರಾಂತ್ಯದ ವಿಟಿಂಗ್‌ಹ್ಯಾಮ್ ಎಂಬ ಹಳ್ಳಿಯಲ್ಲಿ. ಹನ್ನೊಂದು ಮಕ್ಕಳ ಬಡ ಕುಟುಂಬದಲ್ಲಿ ಒಂಬತ್ತನೆಯವರಾದ ಅವರಿಗೆ ಶಾಲಾ ಶಿಕ್ಷಣ ದೊರೆತದ್ದು ಅತ್ಯಲ್ಪ. ಬಡಗಿ ಕೆಲಸ, ಬಣ್ಣ ಬಳಿಯುವುದು, ಕಿಟಕಿಗೆ ಗಾಜು ಕೂರಿಸುವುದು ಅವರ ಜೀವನೋಪಾಯವಾಗಿದ್ದವು. ಜೋಸೆಫ್ ಸ್ಮಿತ್ ಅವರು 1830ರಲ್ಲಿ ನ್ಯೂಯಾರ್ಕ್ ಪ್ರಾಂತ್ಯದಲ್ಲಿ ಸ್ಥಾಪಿಸಿದ ಹೊಸ ಪಂಥಕ್ಕೆ ಯಂಗ್ 1832ರಲ್ಲಿ ಸೇರಿದರು. 1835ರಲ್ಲಿ ಅದರ ಹನ್ನೆರಡು ಅಪೋಸ್ತಲರಲ್ಲಿ ಒಬ್ಬರಾದರು.

ಮಾರ್ಮನ್ನರು ಹೋದಲ್ಲೆಲ್ಲ ನೆರೆಹೊರೆಯವರೊಂದಿಗೆ ಘರ್ಷಣೆ ತಪ್ಪಲಿಲ್ಲ. ಒಹಾಯೊ, ಮಿಸೌರಿಗಳ ಬಳಿಕ ಇಲಿನಾಯ್ ಪ್ರಾಂತ್ಯದ ನಾವೂ ಪಟ್ಟಣವೂ ಅವರ ಪಾಲಿಗೆ ಶಾಶ್ವತವಾಗಲಿಲ್ಲ. 1844ರ ಜೂನ್‌ನಲ್ಲಿ ಉದ್ರಿಕ್ತ ಗುಂಪೊಂದು ಸೆರೆಮನೆಗೆ ನುಗ್ಗಿ ಸ್ಮಿತ್ ಅವರನ್ನು ಕೊಂದಿತು. ದಿಕ್ಕೆಟ್ಟ ಪಂಥದ ಬಹುಭಾಗ ಯಂಗ್ ಅವರನ್ನು ಹಿಂಬಾಲಿಸಿತು. 1846ರ ಫೆಬ್ರುವರಿಯ ಹಿಮದಲ್ಲಿ ಗಾಡಿಗಳು ಪಶ್ಚಿಮಕ್ಕೆ ಹೊರಟವು. 1847ರ ಜುಲೈ 24ರಂದು ಯಂಗ್ ಉಪ್ಪು ಸರೋವರದ ಕಣಿವೆಗೆ ಕಾಲಿಟ್ಟರು. ಆಗ ಆ ನೆಲ ಮೆಕ್ಸಿಕೊ ದೇಶಕ್ಕೆ ಸೇರಿತ್ತು. ಯಾರೂ ಬಯಸದ ಬರಡು ಭೂಮಿಯೆಂಬುದೇ ಅದರ ದೊಡ್ಡ ಅನುಕೂಲವಾಗಿತ್ತು. ಆದರೆ ಯೂಟ್, ಶೊಶೋನಿ, ಪಾಯೂಟ್ ಜನಾಂಗಗಳಿಗೆ ಅದು ತವರು ನೆಲ. ಹೊಸಬರ ಆಗಮನದಿಂದ ಅವರು ನೆಲೆ ಕಳೆದುಕೊಳ್ಳಬೇಕಾಯಿತು.

ಯಾತ್ರೆಯೇ ವ್ರತವಾದ ಕಾಲ

ಮಾರ್ಮನ್ನರಿಗೆ ಆ ಕಣಿವೆಯನ್ನು ಸೇರುವುದೇ ಒಂದು ಧಾರ್ಮಿಕ ಕರ್ತವ್ಯವಾಗಿತ್ತು. ಇಂಗ್ಲೆಂಡ್, ಡೆನ್ಮಾರ್ಕ್‌ಗಳಲ್ಲಿ ಮತಾಂತರಗೊಂಡ ಕೂಲಿಗಳೂ ಕುಶಲಕರ್ಮಿಗಳೂ ಸಾಗರ ದಾಟಿ, ಮಿಸೌರಿ ನದಿಯಿಂದ ಸಾವಿರ ಮೈಲಿ ದೂರವನ್ನು ಎತ್ತಿನ ಗಾಡಿಯ ಪಕ್ಕದಲ್ಲಿ ನಡೆದು ಬರುತ್ತಿದ್ದರು. ಅವರ ನೆರವಿಗೆ 1849ರಲ್ಲಿ ವಲಸೆ ನಿಧಿಯೊಂದು ಆರಂಭವಾಯಿತು. ಹಣ ಸಾಲದಾದಾಗ 1856ರಲ್ಲಿ ಯಂಗ್ ಕೈಗಾಡಿಗಳ ಯೋಜನೆ ರೂಪಿಸಿದರು. ಬಡ ಕುಟುಂಬಗಳು ತಮ್ಮ ಸಾಮಾನುಗಳನ್ನು ತಾವೇ ಎಳೆದುಕೊಂಡು ಬರಬೇಕಿತ್ತು. ಆ ವರ್ಷ ತಡವಾಗಿ ಹೊರಟ ಎರಡು ತಂಡಗಳು ಹಿಮಪಾತಕ್ಕೆ ಸಿಲುಕಿ, ಇನ್ನೂರಕ್ಕೂ ಹೆಚ್ಚು ಜನ ದಾರಿಯಲ್ಲಿಯೇ ಅಸುನೀಗಿದರು.

ಇಂತಹ ದುರಂತಗಳನ್ನು ಕಂಡಿದ್ದ ಯಂಗ್‌ಗೆ ರೈಲಿನ ಬೆಲೆ ಚೆನ್ನಾಗಿ ತಿಳಿದಿತ್ತು. ಅವರು ಗವರ್ನರ್ ಆಗಿದ್ದ ಯೂಟಾ ಪ್ರಾಂತ್ಯದ ಶಾಸನಸಭೆ 1852ರಲ್ಲಿಯೇ ಪೆಸಿಫಿಕ್ ತೀರದವರೆಗೆ ರೈಲು ಮಾರ್ಗ ನಿರ್ಮಿಸುವಂತೆ ಸಂಸತ್ತಿಗೆ ಮನವಿ ಸಲ್ಲಿಸಿತ್ತು. ಆದರೆ ಅದೇ ವರ್ಷ ಪಂಥವು ಬಹುಪತ್ನಿತ್ವವನ್ನು ಬಹಿರಂಗವಾಗಿ ಘೋಷಿಸಿದ್ದರಿಂದ ದೇಶದ ಆಕ್ರೋಶ ಹೆಚ್ಚಿತು. 1857ರಲ್ಲಿ ಕೇಂದ್ರ ಸರ್ಕಾರ ಸೇನೆಯನ್ನೇ ಕಳುಹಿಸಿತು. ಆ ಯುದ್ಧೋನ್ಮಾದದ ನಡುವೆ ಮೌಂಟನ್ ಮೆಡೋಸ್ ಎಂಬಲ್ಲಿ ಸ್ಥಳೀಯ ಮಾರ್ಮನ್ ಪಡೆ ಸುಮಾರು 120 ಪ್ರಯಾಣಿಕರನ್ನು ಹತ್ಯೆಗೈದಿತು. ಹತ್ಯೆಗೆ ಯಂಗ್ ಆದೇಶವಿತ್ತರೆಂಬುದಕ್ಕೆ ಖಚಿತ ಆಧಾರ ದೊರೆತಿಲ್ಲ. ಆದರೆ ಅವರ ಕಟುವಾದ ಭಾಷಣಗಳು ಆ ವಾತಾವರಣವನ್ನು ಬಿಸಿಗೊಳಿಸಿದ್ದವೆಂಬುದನ್ನು ಅಲ್ಲಗಳೆಯಲಾಗದು.

1862ರ ಜುಲೈ ತಿಂಗಳಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಒಂದೇ ವಾರದ ಅಂತರದಲ್ಲಿ ಎರಡು ಶಾಸನಗಳಿಗೆ ಸಹಿ ಹಾಕಿದರು. ಒಂದು ಪೆಸಿಫಿಕ್ ರೈಲು ಮಾರ್ಗಕ್ಕೆ ಅನುವು ಮಾಡಿಕೊಟ್ಟರೆ, ಇನ್ನೊಂದು ಬಹುಪತ್ನಿತ್ವವನ್ನು ಅಪರಾಧವೆಂದು ಸಾರಿತು. ರೈಲು ಬಂದೊಡನೆ ಈ ಪಂಥ ತಾನಾಗಿಯೇ ಕರಗಿಹೋಗುವುದೆಂದು ಪೂರ್ವದ ಪತ್ರಿಕೆಗಳೂ ರಾಜಕಾರಣಿಗಳೂ ನಂಬಿದ್ದರು.

ಪ್ರಾರ್ಥನೆಯೊಂದಿಗೆ ಮಣ್ಣು ಅಗೆದವರು

ಯಂಗ್ ಲೆಕ್ಕಾಚಾರವೇ ಬೇರೆಯಾಗಿತ್ತು. 1868ರ ಮೇ ತಿಂಗಳಲ್ಲಿ ಅವರು ಯೂನಿಯನ್ ಪೆಸಿಫಿಕ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡರು. ಎಕೋ ಕಣಿವೆಯಿಂದ ಸರೋವರದ ಕಡೆಗೆ ಹಳಿಗಾಗಿ ನೆಲ ಹದಗೊಳಿಸುವ ಕೆಲಸ ಮಾರ್ಮನ್ನರ ಪಾಲಾಯಿತು. ಮಿಡತೆಗಳ ಹಾವಳಿಯಿಂದ ಬೆಳೆ ಕಳೆದುಕೊಂಡಿದ್ದ ರೈತರಿಗೆ ಇದರಿಂದ ಕೂಲಿ ಸಿಗುವಂತಾಯಿತು. ಹೊರಗಿನ ಕೂಲಿಕಾರರ ಜೊತೆಗೆ ಬರುತ್ತಿದ್ದ ಮದ್ಯದಂಗಡಿ, ಜೂಜುಕಟ್ಟೆಗಳನ್ನು ಆದಷ್ಟು ದೂರವಿಡುವುದೂ ಸಾಧ್ಯವಾಯಿತು. ಕೆಲಸವನ್ನು ಬಿಷಪ್‌ಗಳ ಮೂಲಕ ಹಂಚಲಾಯಿತು. ಮಾರ್ಮನ್ನರ ಬಿಡಾರಗಳಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಭಾನುವಾರ ಗುದ್ದಲಿಗಳಿಗೆ ಬಿಡುವಿತ್ತು.

ಆದರೆ ಮಾರ್ಗವು ಸಾಲ್ಟ್ ಲೇಕ್ ನಗರವನ್ನು ಬಿಟ್ಟು, ಉತ್ತರದ ಆಗ್ಡನ್ ಮೂಲಕ ಹಾದುಹೋಗುವುದೆಂದು ತೀರ್ಮಾನವಾದಾಗ ಯಂಗ್‌ಗೆ ತೀವ್ರ ನಿರಾಸೆಯಾಯಿತು. 1869ರ ಮೇ 10ರಂದು ಪ್ರಾಮಂಟರಿ ಶಿಖರದಲ್ಲಿ ಎರಡೂ ಕಂಪನಿಗಳ ಹಳಿಗಳು ಕೂಡಿದಾಗ ಅವರು ಅಲ್ಲಿರಲಿಲ್ಲ; ದಕ್ಷಿಣ ಯೂಟಾದ ಪ್ರವಾಸದಲ್ಲಿದ್ದರು. ಯೂನಿಯನ್ ಪೆಸಿಫಿಕ್ ಕೂಲಿಯ ಬಾಕಿಯನ್ನೂ ಸಕಾಲಕ್ಕೆ ತೀರಿಸಲಿಲ್ಲ. ಅದರ ದೊಡ್ಡ ಭಾಗವನ್ನು ಹಣದ ಬದಲಿಗೆ ಹಳಿ ಮತ್ತು ಇತರ ರೈಲು ಸಾಮಗ್ರಿಗಳ ರೂಪದಲ್ಲಿ ಪಡೆಯಬೇಕಾಯಿತು. ಯಂಗ್ ಆ ಸಾಮಗ್ರಿಯಿಂದಲೇ ಆಗ್ಡನ್‌ನಿಂದ ತಮ್ಮ ನಗರಕ್ಕೆ 37 ಮೈಲಿಯ ಯೂಟಾ ಸೆಂಟ್ರಲ್ ಮಾರ್ಗವನ್ನು ಕಟ್ಟಿಸಿದರು. 1870ರ ಜನವರಿಯಲ್ಲಿ ಕಬ್ಬಿಣದ ಮೊಳೆ ಬಡಿದದ್ದು ಈ ಮಾರ್ಗಕ್ಕೆ.

ಮನೆ ಮನೆಗೆ ಮುಟ್ಟಿದ ಬದಲಾವಣೆ

ರೈಲು ಬರುವ ಮುನ್ನವೇ ಯಂಗ್ ಸಮಾಜವನ್ನು ಬಿಗಿಗೊಳಿಸತೊಡಗಿದ್ದರು. ಬರಲಿರುವ ಸವಾಲುಗಳ ಚರ್ಚೆಗಾಗಿ 1867ರ ಕೊನೆಯಲ್ಲಿ ಪ್ರವಾದಿಗಳ ಶಾಲೆಯನ್ನು ಪುನರಾರಂಭಿಸಿದರು. 1868ರಲ್ಲಿ ಅನ್ಯಮತೀಯ ವ್ಯಾಪಾರಿಗಳ ಬಹಿಷ್ಕಾರಕ್ಕೆ ಕರೆ ನೀಡಿ, ಪಂಥದ್ದೇ ಆದ ಸಹಕಾರಿ ಮಳಿಗೆಯನ್ನು ಸ್ಥಾಪಿಸಿದರು. ಸಾಮಾನು ಖರೀದಿಯೂ ಭಕ್ತಿಯ ಪರೀಕ್ಷೆಯಾಯಿತು. ನಾವೂ ಪಟ್ಟಣದ ದಿನಗಳಲ್ಲಿ ಹುಟ್ಟಿ ಬಹುಕಾಲ ಮಂಕಾಗಿದ್ದ ಮಹಿಳೆಯರ ರಿಲೀಫ್ ಸೊಸೈಟಿಗೆ ಎಲೈಜಾ ಸ್ನೋ ಅವರ ಮುಂದಾಳತ್ವದಲ್ಲಿ ಮರುಜೀವ ಬಂದಿತು. ಸ್ವದೇಶಿ ಬಟ್ಟೆಯ ತಯಾರಿಕೆ, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವುದು ಇವೆಲ್ಲ ಧಾರ್ಮಿಕ ಕಾರ್ಯಗಳಾದವು. 1869ರ ನವೆಂಬರ್‌ನಲ್ಲಿ ಯಂಗ್ ತಮ್ಮ ಹೆಣ್ಣುಮಕ್ಕಳನ್ನು ಮನೆಯ ಪಡಸಾಲೆಯಲ್ಲಿ ಸೇರಿಸಿ, ಪೂರ್ವದ ಬೆಡಗಿನ ಉಡುಪುಗಳನ್ನು ತೊರೆಯುವಂತೆ ಬುದ್ಧಿಮಾತು ಹೇಳಿದರು. ಪಂಥದ ಯುವತಿಯರ ಸಂಘಟನೆ ಬೆಳೆದದ್ದು ಈ ಕೂಟದಿಂದ.

ಈ ಬಿಗಿ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಗಣಿಗಾರಿಕೆಗೂ ಹೊರಗಿನ ವ್ಯಾಪಾರಕ್ಕೂ ಅವಕಾಶವಿರಬೇಕೆಂದು ವಾದಿಸಿದ ವರ್ತಕ ವಿಲಿಯಂ ಗಾಡ್ಬಿ ಮತ್ತವರ ಸಂಗಡಿಗರನ್ನು 1869ರಲ್ಲಿ ಪಂಥದಿಂದ ಹೊರಹಾಕಲಾಯಿತು. ಯಂಗ್ ನಾಯಕತ್ವದಲ್ಲಿ ಭಿನ್ನಮತಕ್ಕೆ ಎಡೆಯಿರಲಿಲ್ಲ.

ಆದರೆ ರೈಲು ಪಂಥಕ್ಕೆ ಕೊಟ್ಟದ್ದೂ ಅಪಾರ. ಎತ್ತುಗಳು ಹಲವು ದಿನ ಏಗಿ ತರುತ್ತಿದ್ದ ಮಂದಿರದ ಬೆಣಚುಬಂಡೆಗಳು 1873ರಿಂದ ರೈಲಿನಲ್ಲಿ ಬರತೊಡಗಿದವು. 1853ರಲ್ಲಿ ಆರಂಭವಾಗಿ ಕುಂಟುತ್ತಿದ್ದ ಆ ನಿರ್ಮಾಣ ಕೊನೆಗೆ 1893ರಲ್ಲಿ ಪೂರ್ಣಗೊಂಡಿತು. ತಿಂಗಳುಗಟ್ಟಲೆ ನಡೆಯಬೇಕಿದ್ದ ಬಯಲು ಕೆಲವೇ ದಿನಗಳ ಪ್ರಯಾಣವಾಯಿತು. ದಾರಿಯಲ್ಲಿ ಮಕ್ಕಳನ್ನು ಮಣ್ಣು ಮಾಡುವ ಸಂಕಟ ತಪ್ಪಿತು.

ಉಳಿದದ್ದು, ಅಳಿದದ್ದು

ಯಂಗ್ 1877ರ ಆಗಸ್ಟ್ 29ರಂದು ಸಾಲ್ಟ್ ಲೇಕ್ ನಗರದಲ್ಲಿ ನಿಧನರಾದರು. ಐವತ್ತಕ್ಕೂ ಹೆಚ್ಚು ವಿವಾಹಗಳು, ಅಷ್ಟೇ ದೊಡ್ಡ ಸಂತಾನ, ನೂರಾರು ಊರುಗಳ ಸ್ಥಾಪನೆ, ಕಪ್ಪುವರ್ಣೀಯರಿಗೆ ಪೌರೋಹಿತ್ಯ ನಿರಾಕರಿಸಿ 1978ರವರೆಗೆ ಉಳಿದ ನಿಯಮ ಇವೆಲ್ಲವೂ ಅವರ ಹೆಸರಿನೊಂದಿಗೆ ಸೇರಿಕೊಂಡಿವೆ. ಹಳಿಗಳ ಹಿಂದೆಯೇ ಗಣಿ ಉದ್ಯಮಿಗಳೂ ಅನ್ಯಮತದ ಪಾದ್ರಿಗಳೂ ಬಂದರು. ಕೇಂದ್ರದ ಕಾನೂನಿನ ಹಿಡಿತವೂ ಬಲವಾಯಿತು. 1890ರಲ್ಲಿ ಪಂಥವು ಬಹುಪತ್ನಿತ್ವವನ್ನು ಕೈಬಿಡುವ ಘೋಷಣೆ ಹೊರಡಿಸಿತು. 1896ರಲ್ಲಿ ಯೂಟಾ ಪೂರ್ಣ ರಾಜ್ಯವಾಯಿತು. ಪತ್ರಿಕೆಗಳು ನಿರೀಕ್ಷಿಸಿದಂತೆ ಏಕಾಂತ ಅಳಿಯಿತು. ಆದರೆ ಪಂಥ ಅಳಿಯಲಿಲ್ಲ. ರೈಲನ್ನು ಎದುರಿಸಲು ಯಂಗ್ ಕಟ್ಟಿದ ಮಹಿಳೆಯರ ಮತ್ತು ಯುವತಿಯರ ಸಂಘಟನೆಗಳು ಅವರ ಸಹಕಾರಿ ಮಳಿಗೆಗಿಂತ ಹೆಚ್ಚು ಕಾಲ ಬಾಳಿದವು.

ಮಾರ್ಮನ್ನರು ಇಂದಿಗೂ ಆದ್ಯ ಪ್ರವರ್ತಕರೆಂದು ಗೌರವಿಸುವುದು 1869ರ ಮೇ 10ಕ್ಕೆ ಮೊದಲು ಆ ಕಣಿವೆಗೆ ಬಂದವರನ್ನು. ಆ ದಿನದ ನಂತರ ಬಂದವರ ವಂಶಜರಿಗೆ ಪ್ರವರ್ತಕರ ಪೀಳಿಗೆಯ ಸಂಘಗಳಲ್ಲಿ ಆ ಹೆಸರು ಸಲ್ಲುವುದಿಲ್ಲ. ರೈಲನ್ನು ಬರಮಾಡಿಕೊಂಡ ಪಂಥವೇ, ರೈಲಿಲ್ಲದೆ ನಡೆದು ಬಂದವರ ಪಾದಗಳಿಗೆ ಪಾವಿತ್ರ್ಯದ ಸ್ಥಾನ ನೀಡಿದೆ.