ಗಿರಣಿಯೂರಿನ ಗರಿಂಚ

ಕೀರ್ತಿ ಬಂದ ಮೇಲೆ ಹಳೆಯ ಗೆಳೆಯರನ್ನು ಮರೆತವರ ಕಥೆ ದ್ರುಪದನ ಕಾಲದಿಂದಲೂ ನಡೆದುಬಂದದ್ದು. ಮರೆಯದೆ ಉಳಿದವನ ಕಥೆ ವಿರಳ. ಅದು ಸುಖದ ಕಥೆಯೇ ಆಗಿರಬೇಕೆಂದೂ ಇಲ್ಲ. ಬ್ರೆಜಿಲಿನ ಕಾಲ್ಚೆಂಡಾಟಗಾರ ಗರಿಂಚನನ್ನು ನೆನೆದಾಗಲೆಲ್ಲ ನನಗೆ ಹೀಗೆನಿಸುತ್ತದೆ.

ಅವನ ನಿಜವಾದ ಹೆಸರು ಮನುಯೆಲ್ ಫ್ರಾನ್ಸಿಸ್ಕೊ ದೋಸ್ ಸಾಂಟೋಸ್. 1933ರ ಅಕ್ಟೋಬರಿನಲ್ಲಿ ರಿಯೊ ಸೀಮೆಯ ಪೌ ಗ್ರಾಂಡೆ ಎಂಬ ಗಿರಣಿಯೂರಿನಲ್ಲಿ ಹುಟ್ಟಿದ. ಗರಿಂಚ ಎಂಬುದು ಒಂದು ಪುಟ್ಟ ಹಕ್ಕಿ; ಕಿರಿದಾದ ಮೈಯ ತಮ್ಮನಿಗೆ ಅಕ್ಕ ಇಟ್ಟ ಹೆಸರದು. ಕಾಲುಗಳೆರಡೂ ಒಂದೇ ಕಡೆಗೆ ಬಾಗಿದ್ದವು. ಒಂದು ಇನ್ನೊಂದಕ್ಕಿಂತ ಗಿಡ್ಡ. ಊರಿಗೆ ಊರೇ ಬಟ್ಟೆ ಗಿರಣಿಯನ್ನು ನಂಬಿ ಬದುಕುತ್ತಿತ್ತು. ತಂದೆ ಗಿರಣಿಯ ಕಾವಲುಗಾರ, ಕುಡಿತಕ್ಕೆ ದಾಸನಾದವನು. ಮಗನೂ 14ನೆಯ ವಯಸ್ಸಿಗೆ ಗಿರಣಿಯನ್ನೇ ಸೇರಿದ. ಕೆಲಸದಲ್ಲಿ ಶುದ್ಧ ಸೋಮಾರಿಯಾಗಿದ್ದುದರಿಂದ ಅವನನ್ನು ಹೊರಗೆ ಹಾಕಿದರು. ಗಿರಣಿಯ ಆಟದ ತಂಡಕ್ಕೆ ಆ ಸೊಟ್ಟಗಾಲುಗಳು ಬೇಕಾಗಿದ್ದುದರಿಂದ ಮತ್ತೆ ಕರೆದುಕೊಂಡರು.

1953ರಲ್ಲಿ ರಿಯೊ ನಗರದ ಬೊಟಾಫೊಗೊ ಸಂಘ ಅವನನ್ನು ಪರೀಕ್ಷಿಸಿತು. ಎದುರಿಗೆ ನಿಂತವನು ರಾಷ್ಟ್ರತಂಡದ ರಕ್ಷಕ ನಿಲ್ಟನ್ ಸಾಂಟೋಸ್. ಹಳ್ಳಿಯ ಹುಡುಗ ಅವನನ್ನೇ ವಂಚಿಸಿ ಚೆಂಡನ್ನು ಸಾಗಿಸಿದ. ಇಂಥವನು ಎದುರು ಪಕ್ಷದಲ್ಲಿರಬಾರದು, ಕೂಡಲೇ ಸೇರಿಸಿಕೊಳ್ಳಿ ಎಂದು ಶಿಫಾರಸು ಮಾಡಿದವನೂ ನಿಲ್ಟನನೇ.

ಇಲ್ಲಿಂದ ಮುಂದೆ ಬೇರೆಯವರಾಗಿದ್ದರೆ ರಿಯೊದ ಕಡಲ ತೀರದಲ್ಲಿ ಮನೆ ಮಾಡುತ್ತಿದ್ದರು. ಗರಿಂಚ ಪೌ ಗ್ರಾಂಡೆಯನ್ನು ಬಿಡಲಿಲ್ಲ. ಅಲ್ಲಿ ಅವನಿಗೆ ಬಾಲ್ಯದ ಇಬ್ಬರು ಗೆಳೆಯರಿದ್ದರು, ಗಿರಣಿಯ ಕೂಲಿಗಳು. ಪಂದ್ಯ ಮುಗಿದರೆ ಅವನ ಮನಸ್ಸು ಅವರ ಕಡೆಗೆ. ಅವರೊಡನೆ ಬರಿಗಾಲಿನಲ್ಲಿ ಚೆಂಡಾಡುವುದು, ಹಕ್ಕಿಯ ಬೇಟೆಗೆ ಹೋಗುವುದು, ಸಂಜೆ ಕಬ್ಬಿನ ಸಾರಾಯಿ. ದೇಶವೆಲ್ಲ ಹಣ ತೆತ್ತು ನೋಡುತ್ತಿದ್ದ ಆಟವನ್ನು ಆ ಗಿರಣಿಯವರು ಪುಕ್ಕಟೆಯಾಗಿ ನೋಡಿದರು. ಎದುರಾಳಿಗಳಾಗಿ ನಿಂತು ಮೋಸಹೋಗಿ ನಕ್ಕರು ಕೂಡ. ಪ್ರೇಕ್ಷಕರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ ಅವನ ಆಟದ ಹುಡುಗುತನ ಈ ಬಯಲಿನಲ್ಲೇ ಜೀವಂತವಾಗಿ ಉಳಿಯಿತೆಂದು ನನ್ನ ಎಣಿಕೆ.

1958ರಲ್ಲಿ ಸ್ವೀಡನ್ನಿನ ವಿಶ್ವಕಪ್ಪಿನಲ್ಲಿ ಮೊದಲೆರಡು ಪಂದ್ಯಗಳಿಗೆ ಅವನನ್ನು ಇಳಿಸಲಿಲ್ಲ. ತಂಡದ ಮನಶ್ಶಾಸ್ತ್ರಜ್ಞರು ಅವನಿಗೆ ಅಂಕಗಳನ್ನೂ ಬಹಳ ಕಡಿಮೆ ಕೊಟ್ಟಿದ್ದರು. ಮೂರನೆಯ ಪಂದ್ಯ ಸೋವಿಯತ್ ತಂಡದ ಮೇಲೆ. ಮೊದಲ ನಿಮಿಷದಲ್ಲೇ ಅವನು ಒದ್ದ ಚೆಂಡು ಗೋಲಿನ ಕಂಬಕ್ಕೆ ಬಡಿಯಿತು. ಕೊನೆಗೆ ಸ್ವೀಡನ್ನನ್ನು 5-2ರಲ್ಲಿ ಸೋಲಿಸಿ ಬ್ರೆಜಿಲ್ ಕಪ್ಪು ಗೆದ್ದಿತು. ನಗರದ ಸನ್ಮಾನಗಳಿಂದ ತಪ್ಪಿಸಿಕೊಂಡು ಗರಿಂಚ ಗೆಳೆಯರಿದ್ದಲ್ಲಿಗೆ ಓಡಿದ. 1962ರಲ್ಲಿ ಚಿಲಿಯಲ್ಲಿ ಪೆಲೆ ಗಾಯಗೊಂಡು ಹೊರಬಿದ್ದಾಗ ಹೊಣೆ ಇವನ ಮೇಲೆ ಬಿತ್ತು. ಇಂಗ್ಲೆಂಡಿನ ಮೇಲೆ ಎರಡು ಗೋಲು, ಚಿಲಿಯ ಮೇಲೆ ಎರಡು. ಕಪ್ಪು ಮತ್ತೆ ಬ್ರೆಜಿಲಿಗೆ. ಪೆಲೆ ಮತ್ತು ಗರಿಂಚ ಒಟ್ಟಿಗೆ ಆಡಿದಾಗ ಬ್ರೆಜಿಲ್ ಒಮ್ಮೆಯೂ ಸೋಲಲಿಲ್ಲ.

ಊರ ಗೆಳೆಯರೇ ಅವನನ್ನು ಕೆಡಿಸಿದರೆಂದು ಹೇಳುವವರಿದ್ದಾರೆ. ನಾನು ಒಪ್ಪಲಾರೆ. ಸಾರಾಯಿ ಆ ಮನೆಗೆ ಗೆಳೆಯರಿಗಿಂತ ಮೊದಲೇ, ತಂದೆಯ ಕೈಯಲ್ಲಿ, ಬಂದಿತ್ತು. ಬರಿಯ ಕಾಗದದ ಮೇಲೆ ರುಜು ಹಾಕಿಸಿಕೊಂಡು, ಆಮೇಲೆ ಸಂಬಳದ ಅಂಕಿಯನ್ನು ತಮಗೆ ಬೇಕಾದಂತೆ ಬರೆದುಕೊಂಡವರು ಸಾರಾಯಿ ಅಂಗಡಿಯ ಜೊತೆಗಾರರಲ್ಲ, ಸಂಘದ ಅಧಿಕಾರಿಗಳು. ಸವೆದ ಮೊಣಕಾಲಿಗೆ ಸೂಜಿಮದ್ದು ಚುಚ್ಚಿ ಮೈದಾನಕ್ಕೆ ನೂಕಿದ್ದು ಪೌ ಗ್ರಾಂಡೆಯಲ್ಲ.

ಆದರೆ ಇನ್ನೊಂದು ಲೆಕ್ಕವೂ ಇದೆ. ಅದನ್ನು ಅವನ ಅಭಿಮಾನಿಗಳು ಬೇಗ ದಾಟಿಬಿಡುತ್ತಾರೆ. 1952ರಲ್ಲಿ ಕೈಹಿಡಿದ ಹೆಂಡತಿಯೂ ಅದೇ ಗಿರಣಿಯ ಹುಡುಗಿ. ಅವರಿಗೆ ಎಂಟು ಮಂದಿ ಹೆಣ್ಣುಮಕ್ಕಳು. ಅವರನ್ನು ತೊರೆದು ಅವನು ಗಾಯಕಿ ಎಲ್ಜಾ ಸೊವಾರೆಸಳನ್ನು ಸೇರಿದ. ಗೆಳೆಯರಿಗೆ ಕೊಟ್ಟ ನಿಷ್ಠೆಯಲ್ಲಿ ಕಾಲುಪಾಲನ್ನಾದರೂ ಅವನು ಮನೆಗೆ ಕೊಡಲಿಲ್ಲ. ಗೆಳೆಯರು ಅವನಿಂದ ಏನನ್ನೂ ಬೇಡದ ಜನ. ಹೆಂಡತಿ ಮಕ್ಕಳು ಬೇಡಬೇಕಾದವರು. ಬೇಡದವರ ಬಳಿ ಉದಾರಿಯಾಗಿರುವುದು ಸುಲಭ.

1969ರಲ್ಲಿ ಅವನು ನಡೆಸುತ್ತಿದ್ದ ಕಾರು ಲಾರಿಗೆ ಬಡಿದು ಎಲ್ಜಾಳ ತಾಯಿ ಸತ್ತಳು. ಆಮೇಲೆ ಕುಡಿತಕ್ಕೆ ತಡೆ ಇರಲಿಲ್ಲ. 1973ರಲ್ಲಿ ರಿಯೊದ ಮಾರಾಕಾನ ಮೈದಾನದಲ್ಲಿ ಲಕ್ಷಕ್ಕೂ ಮಿಕ್ಕ ಜನ ಸೇರಿ ವಿದಾಯದ ಪಂದ್ಯ ನಡೆಸಿದರು. 1983ರ ಜನವರಿ 20ರಂದು, 49ನೆಯ ವಯಸ್ಸಿನಲ್ಲಿ, ಯಕೃತ್ತು ಕೆಟ್ಟು ತೀರಿಕೊಂಡ. ಶವವನ್ನು ಮಾರಾಕಾನದಲ್ಲಿ ದರ್ಶನಕ್ಕೆ ಇಟ್ಟು, ಬಳಿಕ ಬೆಂಕಿ ಆರಿಸುವವರ ಬಂಡಿಯ ಮೇಲೆ ಪೌ ಗ್ರಾಂಡೆಯತ್ತ ಸಾಗಿಸಿದರು. ದಾರಿಯುದ್ದಕ್ಕೂ ಜನ ನಿಂತಿದ್ದರು. ಅವನ ಸಮಾಧಿ ಆ ಗಿರಣಿಯೂರಿನ ಪಕ್ಕದ ಸ್ಮಶಾನದಲ್ಲಿದೆ.