ಕ್ರಿಶ್ಚಿಯನ್ ಡಾಪ್ಲರ್

ಇಂದು ಆಸ್ಟ್ರಿಯ ದೇಶಕ್ಕೆ ಸೇರಿರುವ ಸಾಲ್ಜ್‌ಬರ್ಗ್ ನಗರದಲ್ಲಿ 1803ನೆಯ ನವೆಂಬರ್ 29ರಂದು ಕ್ರಿಶ್ಚಿಯನ್ ಡಾಪ್ಲರ್ ಜನಿಸಿದನು. ಮನೆತನದ ಕಸುಬು ಕಲ್ಲುಕೆಲಸ. ಉಳಿ ಸುತ್ತಿಗೆ ಹಿಡಿಯಲು ಹುಡುಗನ ದುರ್ಬಲ ದೇಹ ಒಪ್ಪದಿದ್ದುದರಿಂದ ಅವನನ್ನು ಓದಿಗೆ ಹಚ್ಚಿದರು. ಗಣಿತದಲ್ಲಿ ಪಾರಂಗತನಾದರೂ ತಕ್ಕ ಉದ್ಯೋಗ ದೊರೆಯಲಿಲ್ಲ. ನೂಲಿನ ಗಿರಣಿಯೊಂದರಲ್ಲಿ ಲೆಕ್ಕ ಬರೆದನು. ಬೇಸತ್ತು ಅಮೆರಿಕಕ್ಕೆ ಹೊರಟುಹೋಗಲು ಸಿದ್ಧನಾಗಿದ್ದಾಗ, 1835ರಲ್ಲಿ, ಪ್ರಾಗ್ ನಗರದ ಶಾಲೆಯೊಂದರಲ್ಲಿ ಉಪಾಧ್ಯಾಯ ವೃತ್ತಿ ಲಭಿಸಿತು.

1842ನೆಯ ಮೇ 25ರಂದು ಅಲ್ಲಿಯ ವಿದ್ವತ್ಸಭೆಯ ಮುಂದೆ ಅವನು ಒಂದು ಪ್ರಬಂಧವನ್ನು ಮಂಡಿಸಿದನು. ಅಲೆಗಳನ್ನು ಹೊಮ್ಮಿಸುವ ವಸ್ತು ನಮ್ಮತ್ತ ಬರುತ್ತಿದ್ದರೆ ಅಲೆಗಳು ಒತ್ತೊತ್ತಾಗಿ ಬಂದು ತಲುಪುತ್ತವೆ, ದೂರ ಸರಿಯುತ್ತಿದ್ದರೆ ವಿರಳವಾಗುತ್ತವೆ ಎಂಬುದು ಅದರ ತಿರುಳು. ಮೈಸೂರು-ನಂಜನಗೂಡು ರೈಲುಮಾರ್ಗದಲ್ಲಿರುವ ತಾಂಡವಪುರದಲ್ಲಿ ಹಳಿಯ ಸಮೀಪ ಇರುವವರಿಗೆ ಇದು ಹೊಸ ಅನುಭವವಲ್ಲ: ಎದುರು ಬರುವ ಗಾಡಿಯ ಕೂಗು ಏರಿದ ಶ್ರುತಿಯಲ್ಲಿ ಕೇಳುತ್ತದೆ; ಗಾಡಿ ದಾಟಿದೊಡನೆ ಶ್ರುತಿ ಇಳಿಯುತ್ತದೆ. 1845ರಲ್ಲಿ ಹಾಲೆಂಡಿನ ಬಾಯ್ಸ್ ಬ್ಯಾಲಟ್ ಎಂಬ ವಿಜ್ಞಾನಿ ರೈಲಿನಲ್ಲಿ ತುತ್ತೂರಿಯವರನ್ನು ಕೂರಿಸಿ, ಹಳಿಯ ಪಕ್ಕದಲ್ಲಿ ಸಂಗೀತಜ್ಞರನ್ನು ನಿಲ್ಲಿಸಿ ಪರೀಕ್ಷಿಸಿದನು. ಶಬ್ದದ ಮಟ್ಟಿಗೆ ತತ್ತ್ವ ನಿಜವೆಂದು ಸಿದ್ಧವಾಯಿತು. ಆದರೆ ನಕ್ಷತ್ರಗಳ ಬಣ್ಣಕ್ಕೂ ಚಲನೆಯೇ ಕಾರಣವೆಂದು ಡಾಪ್ಲರ್ ನಂಬಿದ್ದು ತಪ್ಪು. ಅದಕ್ಕೆ ಮುಖ್ಯ ಕಾರಣ ಅವುಗಳ ಉಷ್ಣತೆ. ಒಂದು ಉದಾಹರಣೆ ತಪ್ಪಾದ ಮಾತ್ರಕ್ಕೆ ತತ್ತ್ವ ಕೆಡುವುದಿಲ್ಲ. ಆದರೂ 1852ರಲ್ಲಿ ವಿಯೆನ್ನದ ಗಣಿತಜ್ಞ ಪೆಟ್ಸ್‌ವಾಲ್ ಆ ತತ್ತ್ವವನ್ನೇ ಖಂಡಿಸಿದನು. ಆಗ ಡಾಪ್ಲರ್ ವಿಯೆನ್ನ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನ ಸಂಸ್ಥೆಯ ನಿರ್ದೇಶಕನಾಗಿದ್ದನು. ಶ್ವಾಸಕೋಶದ ರೋಗ ಉಲ್ಬಣಿಸಿ, ಹವೆಯ ಬದಲಾವಣೆಗೆಂದು ವೆನಿಸ್ ನಗರಕ್ಕೆ ಹೋದವನು 1853ನೆಯ ಮಾರ್ಚ್ 17ರಂದು, 49ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡನು.

ನಕ್ಷತ್ರಗಳನ್ನು ಕುರಿತು ಚಿಂತಿಸಿದ ಡಾಪ್ಲರನ ತತ್ತ್ವವನ್ನು 1950ರ ದಶಕದಲ್ಲಿ ಜಪಾನಿನ ಶಿಗೆಯೊ ಸತೊಮುರ ಮನುಷ್ಯದೇಹಕ್ಕೆ ಅನ್ವಯಿಸಿದನು. ಈಗ ವೈದ್ಯರು ಕುತ್ತಿಗೆಯ ಮೇಲೆ ಪುಟ್ಟ ಸಾಧನವನ್ನಿರಿಸಿ, ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯನ್ನು ಒಳಕ್ಕೆ ಕಳುಹಿಸುತ್ತಾರೆ. ಮರಳಿ ಬರುವ ಧ್ವನಿಯು ರಕ್ತನಾಳದ ಚಿತ್ರವನ್ನು ಮೂಡಿಸುತ್ತದೆ; ಹರಿಯುವ ರಕ್ತಕಣಗಳಿಂದಾಗಿ ಅದರ ಆವರ್ತನದಲ್ಲಿ ಆದ ವ್ಯತ್ಯಾಸವು ರಕ್ತದ ವೇಗವನ್ನೂ ದಿಕ್ಕನ್ನೂ ತಿಳಿಸುತ್ತದೆ. ಸಾಮಾನ್ಯವಾಗಿ ಶೀರ್ಷಧಮನಿಯು ಗಂಟಲಮಣಿಯ ಮಟ್ಟದಲ್ಲಿ ಎರಡಾಗಿ ಕವಲೊಡೆದು, ಒಂದು ಮೆದುಳಿಗೂ ಇನ್ನೊಂದು ಮುಖದ ಕಡೆಗೂ ಸಾಗುತ್ತದೆ. ಕೆಲವರಲ್ಲಿ ಈ ಕವಲು ಇನ್ನೂ ಮೇಲಿರುತ್ತದೆ. ಕೆಲವರಲ್ಲಿ ಧಮನಿ ಹಾವಿನಂತೆ ಸುತ್ತಿಕೊಂಡಿರುತ್ತದೆ. ಇದನ್ನು ಮೊದಲೇ ಅರಿಯದೆ ಕುತ್ತಿಗೆಯಲ್ಲಿ ಶಸ್ತ್ರಕ್ರಿಯೆಗೆ ತೊಡಗಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಎರಡು ಎದೆಬಡಿತಗಳ ನಡುವೆಯೂ ಮೆದುಳಿನ ಕವಲಿನಲ್ಲಿ ರಕ್ತ ಎಡೆಬಿಡದೆ ಹರಿಯುತ್ತದೆ. ಮುಖದ ಕವಲಿನಲ್ಲಿ ಬಹಳ ತಗ್ಗುತ್ತದೆ. ಕವಲುಗಳು ಎಷ್ಟೇ ತಿರುಚಿಕೊಂಡಿದ್ದರೂ ಯಾವುದು ಯಾವುದೆಂದು ವೈದ್ಯರು ಗುರುತಿಸಲು ಈ ಹರಿವಿನ ವ್ಯತ್ಯಾಸವೇ ನೆರವಾಗುತ್ತದೆ.