ಚರ್ಚೆಗೆ ಮನೆ ಕಟ್ಟಿದ ಡಿವಿಜಿ

ರಾಜರಾಜೇಶ್ವರಿನಗರದ ಯುವಜನರಿಗೆ ಸಾರ್ವಜನಿಕ ವಿಷಯಗಳಲ್ಲಿ ಆಸಕ್ತಿಯಿಲ್ಲವೆಂಬ ದೂರನ್ನು ಇಲ್ಲಿಯ ನಿವಾಸಿಯಾದ ನಾನು ಒಪ್ಪಲಾರೆ. 2018ರ ಮೇ ತಿಂಗಳಲ್ಲಿ ಜಾಲಹಳ್ಳಿಯ ಫ್ಲ್ಯಾಟೊಂದರಲ್ಲಿ ಸಾವಿರಾರು ಮತದಾರರ ಗುರುತಿನ ಚೀಟಿಗಳು ಸಿಕ್ಕಿ, ಈ ಕ್ಷೇತ್ರದ ಮತದಾನ ಮುಂದಕ್ಕೆ ಹೋದದ್ದನ್ನು ಅವರು ಕಂಡಿದ್ದಾರೆ. 2020ರ ನವೆಂಬರಿನಲ್ಲಿ ಉಪಚುನಾವಣೆಯನ್ನೂ ಕಂಡರು. 2015ರಲ್ಲಿ ಆಯ್ಕೆಯಾದ ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ಕಳೆದರೂ ಪಾಲಿಕೆಗೆ ಚುನಾವಣೆ ನಡೆಯಲಿಲ್ಲ. 2015ರಲ್ಲಿ 17 ವರ್ಷದವರಾಗಿದ್ದವರು 27 ತುಂಬಿದರೂ ತಮ್ಮ ವಾರ್ಡಿನ ಪ್ರತಿನಿಧಿಗೆ ಒಮ್ಮೆಯೂ ಮತ ಹಾಕಿರಲಿಲ್ಲ. ಇಂಥವರ ಬಳಿ ಪ್ರಶ್ನೆಗಳಿಗೆ ಬರವೆಲ್ಲಿ? ಬರವಿರುವುದು ಅವನ್ನು ಕೇಳುವ ತಾಣಕ್ಕೆ. ಮನೆಯಲ್ಲಿ ರಾಜಕೀಯದ ಮಾತೆತ್ತಿದರೆ ಮೊದಲು ಪರೀಕ್ಷೆ ಮುಗಿಸೆನ್ನುತ್ತೇವೆ. ಹೊರಗೆ ಎತ್ತಿದರೆ ಯಾವ ಪಕ್ಷದವನೆಂದು ವಿಚಾರಿಸುತ್ತೇವೆ.

ಈ ಕೊರತೆಯನ್ನು ಬಹಳ ಹಿಂದೆಯೇ ಗುರುತಿಸಿ, ಅದನ್ನು ನೀಗಲು ಬಾಳಿನ ಬಹುಭಾಗವನ್ನು ಸವೆಸಿದವರು ಡಿ.ವಿ. ಗುಂಡಪ್ಪನವರು. ನಾಡು ಅವರನ್ನು 'ಮಂಕುತಿಮ್ಮನ ಕಗ್ಗ'ದ ಕವಿಯೆಂದು ಬಲ್ಲದು. ರಾಜಕೀಯವನ್ನು ಶಾಸ್ತ್ರವಾಗಿ ಅಭ್ಯಾಸ ಮಾಡಿದ, ಇತರರಿಗೂ ಮಾಡಿಸಿದ ಡಿವಿಜಿ ಅಷ್ಟಾಗಿ ನೆನಪಿನಲ್ಲಿಲ್ಲ.

ಅವರು ಹುಟ್ಟಿದ್ದು 1887ರ ಮಾರ್ಚ್ 17ರಂದು, ಮುಳಬಾಗಿಲಿನಲ್ಲಿ. ಮೆಟ್ರಿಕ್ಯುಲೇಷನ್ ದಾಟಲಾಗಲಿಲ್ಲ. ಹೊಟ್ಟೆಪಾಡಿಗಾಗಿ ಬೆಂಗಳೂರಿಗೆ ಬಂದು, ಜಟಕಾ ಗಾಡಿಗಳಿಗೆ ಬಣ್ಣ ಹಚ್ಚುವ ಕಾರ್ಖಾನೆಯಲ್ಲೂ ಕೆಲಕಾಲ ದುಡಿದರು. ಪತ್ರಿಕೆಗಳ ಕೆಲಸಕ್ಕೆ ಕೈಹಾಕಿದ ಹೊಸದರಲ್ಲೇ, 1908ರಲ್ಲಿ, ಮೈಸೂರು ಸರ್ಕಾರ ಪತ್ರಿಕೆಗಳನ್ನು ನಿರ್ಬಂಧಿಸುವ ಕಾನೂನು ತಂದಿತು. ಸಂಸ್ಥಾನದ ಹಲವು ಪತ್ರಿಕೆಗಳು ನಿಂತುಹೋದವು. ಅದರಿಂದ ಅವರು ಎದೆಗುಂದಲಿಲ್ಲ. 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ತಾವೇ ಹೊರಡಿಸಿದರು. 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಪತ್ರಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1926ರಿಂದ 1940ರವರೆಗೆ ಮೈಸೂರಿನ ಶಾಸನ ಪರಿಷತ್ತಿನಲ್ಲಿದ್ದರು. ಕಾಲೇಜಿನ ಮೆಟ್ಟಿಲು ಹತ್ತದವರು ಮೈಸೂರು ವಿಶ್ವವಿದ್ಯಾಲಯದ ಸೆನೆಟ್ಟಿನಲ್ಲಿ ಕುಳಿತು ಉನ್ನತ ಶಿಕ್ಷಣದ ವಿಷಯದಲ್ಲಿ ಅಭಿಪ್ರಾಯ ಹೇಳಿದರು.

ಇಷ್ಟೆಲ್ಲ ಆದ ಮೇಲೆ, 58ರ ವಯಸ್ಸಿನಲ್ಲಿ, ಅವರು ಹೊಸದೊಂದು ಕಾರ್ಯಕ್ಕೆ ತೊಡಗಿದರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಸ್ಥಾಪನೆಯಾಯಿತು. ಬುಲ್ ಟೆಂಪಲ್ ರಸ್ತೆಯಲ್ಲಿ ನರಸಿಂಹರಾಜ ಕಾಲೊನಿಯ ಬಳಿ ಅದು ಇಂದಿಗೂ ಇದೆ. ಸ್ವಾತಂತ್ರ್ಯ ಹತ್ತಿರ ಬರುತ್ತಿದ್ದ ಕಾಲವದು. ಜನರ ಕೈಗೆ ಅಧಿಕಾರ ಬರುವ ಮುನ್ನ ಅದನ್ನು ನಡೆಸುವ ತಿಳಿವಳಿಕೆ ಬರಬೇಕೆಂಬುದು ಡಿವಿಜಿಯವರ ಚಿಂತೆಯಾಗಿತ್ತು. ಗೋಖಲೆಯವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದಿದ್ದ ಅವರಿಗೆ, ವಿಷಯವನ್ನು ಅಂಕಿಅಂಶಗಳ ಸಮೇತ ಅರಿತು ಮಾತನಾಡುವ ಆ ನಾಯಕನೇ ಆದರ್ಶ. ಸಂಸ್ಥೆ ಪಕ್ಷಗಳಿಂದ ದೂರ ಉಳಿಯಿತು. ಪುಸ್ತಕ ಭಂಡಾರವನ್ನೂ 'ಪಬ್ಲಿಕ್ ಅಫೇರ್ಸ್' ಎಂಬ ಮಾಸಪತ್ರಿಕೆಯನ್ನೂ ಬೆಳೆಸಿತು. ಅಧ್ಯಯನ ಗೋಷ್ಠಿಗಳಲ್ಲಿ ಡಿವಿಜಿ ತಮಗಿಂತ ಬಹಳ ಕಿರಿಯರೊಡನೆ ಕುಳಿತು ರಾಜ್ಯಶಾಸ್ತ್ರದಿಂದ ಗೀತೆಯವರೆಗೆ ಓದಿದರು, ವಿಚಾರ ಮಾಡಿದರು. 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ 'ಜೀವನಧರ್ಮಯೋಗ' ಅಂಥ ಗೋಷ್ಠಿಯ ಫಲ. 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ನಾಡು ಸನ್ಮಾನಿಸಿ ಅರ್ಪಿಸಿದ ಹಣವನ್ನೂ ಅವರು ಈ ಸಂಸ್ಥೆಗೇ ಕೊಟ್ಟರು.

ಡಿವಿಜಿಯವರ ಎಲ್ಲ ಅಭಿಪ್ರಾಯಗಳೂ ಇಂದಿನ ತರುಣರಿಗೆ ಒಪ್ಪಿಗೆಯಾಗಬೇಕಿಲ್ಲ. ಅವರು ಪರಂಪರೆಯನ್ನು ಗೌರವಿಸಿದ, ಅರಸೊತ್ತಿಗೆಯನ್ನೂ ಜವಾಬ್ದಾರಿ ಸರ್ಕಾರವನ್ನೂ ಹೊಂದಿಸಲು ಬಯಸಿದ ಉದಾರವಾದಿ. ಜಾತಿ, ಮೀಸಲಾತಿ, ಸ್ತ್ರೀಪುರುಷ ಸಮಾನತೆಗಳನ್ನು ಕುರಿತು ಇಂದಿನ ವಿದ್ಯಾರ್ಥಿನಿ ಕೇಳುವ ಪ್ರಶ್ನೆಗಳಿಗೆ ಅವರ ಬರಹಗಳಲ್ಲಿ ಸಾಕಷ್ಟು ಉತ್ತರ ಸಿಗಲಾರದು. ಅವರನ್ನು ಪೂಜಿಸಿ ಕೈತೊಳೆದುಕೊಳ್ಳುವುದಕ್ಕಿಂತ, ಆ ಪ್ರಶ್ನೆಗಳನ್ನು ಅವರ ಗ್ರಂಥದ ಎದುರಿಗೇ ಇಟ್ಟು ವಾದಿಸುವುದು ಅವರಿಗೆ ಸಲ್ಲುವ ಗೌರವವೆಂದು ನನಗೆ ತೋರುತ್ತದೆ. ಅವರಿಂದ ನಾವು ಕಲಿಯಬೇಕಾದದ್ದು ಕ್ರಮ: ಮೊದಲು ಓದು, ಆಮೇಲೆ ಮಾತು, ಹಿರಿಯರು ಕೂಡ ಕೇಳಿಸಿಕೊಳ್ಳುವ ಸಹನೆ.

ಅವರು ತೀರಿಕೊಂಡದ್ದು 1975ರ ಅಕ್ಟೋಬರ್ 7ರಂದು. ದೇಶದಲ್ಲಿ ತುರ್ತು ಪರಿಸ್ಥಿತಿಯಿತ್ತು. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. 1908ರ ಕಾನೂನನ್ನು ಕಂಡು ಆರಂಭವಾದ ಸಾರ್ವಜನಿಕ ಜೀವನ, ಪತ್ರಿಕೆಗಳ ಬಾಯಿ ಮತ್ತೆ ಕಟ್ಟಿದ್ದ ಕಾಲದಲ್ಲಿ ಮುಗಿಯಿತು. ಮಾತಿನ ಸ್ವಾತಂತ್ರ್ಯ ಒಮ್ಮೆ ಗಳಿಸಿದರೆ ಶಾಶ್ವತವೆಂದು ನಂಬುವಂತಿಲ್ಲ. ಬಳಸುವ ಅಭ್ಯಾಸ ತಪ್ಪಿದ ಜನ ಅದನ್ನು ಕಳೆದುಕೊಂಡದ್ದೂ ಅರಿವಿಗೆ ಬಾರದು.

ರಾಜರಾಜೇಶ್ವರಿನಗರ 2007ರವರೆಗೆ ಪ್ರತ್ಯೇಕ ನಗರಸಭೆಯಾಗಿತ್ತು. ಇಲ್ಲಿ ಉದ್ಯಾನಗಳಿವೆ, ಸಭಾಭವನಗಳಿವೆ, ಕಾಲೇಜುಗಳಿವೆ. ಸಮೀಪದ ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯವಿದೆ. ವಾರಕ್ಕೊಂದು ಸಂಜೆ ಯಾವುದಾದರೊಂದು ಸಭಾಭವನದ ಬಾಗಿಲನ್ನು ತರುಣರಿಗಾಗಿ ತೆರೆಯುವುದು ನಿವಾಸಿಗಳ ಸಂಘಗಳಿಗೆ ಭಾರವಾಗದು. ಮತದಾರರ ಪಟ್ಟಿ, ವಾರ್ಡಿನ ಆಯವ್ಯಯ, ಶಾಸನಸಭೆಯ ಮುಂದಿರುವ ಮಸೂದೆ, ಇವುಗಳಲ್ಲಿ ಒಂದನ್ನು ಓದಿಕೊಂಡು ಬಂದು ಎಲ್ಲರೂ ಚರ್ಚಿಸಲಿ. ಹಿರಿಯರಾದ ನಾವು ತೀರ್ಪು ಕೊಡುವ ಆತುರ ಬಿಟ್ಟು, ಹಿಂದಿನ ಸಾಲಿನಲ್ಲಿ ಕುಳಿತರೆ ಸಾಕು.